ವೆರ್ಣಾದ ಬಿರುಗಾಳಿ



ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿ ನಿಮ್ಮಲ್ಲಿ ಬಹಳ ಜನ ಕಂಡ ದಾರಿ. ಮಳೆಗಾಲ ಆಗಷ್ಟೇ ಹಿಂದೆ ಸರಿದಿದ್ದ ಒಂದು ಭಾನುವಾರ ಬೆಳಿಗ್ಗೆ, ಆ ಘಾಟಿಯ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದೆ. ಕಣಿವೆ ತುಂಬ ಮಂಜು. ಎದುರಿನ ಗುಡ್ಡ ಇದೆಯೋ ಇಲ್ಲವೋ ತಿಳಿಯದು. ಆ ಮಂಜಿನೊಳಗಿಂದ ಒಂದು ದನಿ ಎದ್ದಿತು. ಮೊದಲು ಕೆಣಕಿದ ಜೇನುಗೂಡಿನಂಥ ಗುಂಯ್ ಎಂಬ ಸದ್ದು. ಅದು ಏರುತ್ತ ಏರುತ್ತ ಗಟ್ಟಿ ಗಂಟಲಿನ ಕೂಗಾಯಿತು. ತಿರುವು ಬಂದಲ್ಲಿ ಇಳಿಯಿತು, ಗೇರು ಇಳಿಸಿದಾಗ ಗೂಳಿಯ ಹಾಗೆ ಒಂದು ಗುಟುರು ಹಾಕಿತು, ಮತ್ತೆ ಏರಿತು. ಗಾಡಿ ಕಾಣುವ ಮೊದಲು ಪೂರಾ ಎರಡು ನಿಮಿಷ ಬರೀ ದನಿಯನ್ನೇ ಕೇಳಿದೆ. ಕೊನೆಗೆ ಮಂಜಿನಿಂದ ಹೊರಬಂದದ್ದು ಎದೆಮಟ್ಟಕ್ಕೂ ಬಾರದ, ಎಳೆ ಬಾಳೆಯೆಲೆಯ ಬಣ್ಣದ ಒಂದು ಲ್ಯಾಂಬೊರ್ಗಿನಿ ಹುರಾಕಾನ್. ನನ್ನನ್ನು ದಾಟಿ ಗೋವಾದ ಕೇರಿ ಎಂಬ ಊರಿನ ಕಡೆಗೆ ಇಳಿದುಹೋಯಿತು. ದನಿ ಮಾತ್ರ ಕಣಿವೆಯಲ್ಲಿ ಇನ್ನೊಂದಿಷ್ಟು ಹೊತ್ತು ಉಳಿಯಿತು.

ಆ ಹುರಾಕಾನಿನ ಕಾಲ ಈಗ ಮುಗಿದಿದೆ. 2014ರಲ್ಲಿ ಬಂದ ಆ ಕಾರಿನ ತಯಾರಿಕೆ ಹತ್ತು ವರ್ಷಕ್ಕೆ ನಿಂತಿತು. ಅದರ ಜಾಗಕ್ಕೆ ಬಂದ ಹೊಸ ಕಾರಿನ ಹೆಸರು ಟೆಮೆರಾರಿಯೊ. 2024ರ ಆಗಸ್ಟಿನಲ್ಲಿ ಅಮೆರಿಕದ ಮಾಂಟೆರೆಯಲ್ಲಿ ಅದರ ತೆರೆ ಸರಿಸಿದರು. 2025ರ ಏಪ್ರಿಲ್ ಕೊನೆಗೆ ಭಾರತದ ಮಾರುಕಟ್ಟೆಗೆ ಬಂತು, ಆಗ ಷೋರೂಮಿನ ಬೆಲೆ 6 ಕೋಟಿ ರೂಪಾಯಿ. ಇವತ್ತು ನಾನು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾತಾಡಬೇಕೆಂದು ಬಂದಿದ್ದೇನೆ. ಹೊಸದನ್ನು ನಾನು ಓಡಿಸಿಲ್ಲ. ನನ್ನ ಮುಂದಿರುವುದು ತಯಾರಕರು ಕೊಟ್ಟ ಅಂಕಿಗಳು. ಹಳೆಯದರದು ನನ್ನ ಕಿವಿಯಲ್ಲಿ ಉಳಿದ ದನಿ. ಇದಿಷ್ಟೇ ಆಗಿದ್ದರೆ ಮಾತು ಬೇಗ ಮುಗಿಯುತ್ತಿತ್ತು. ಆದರೆ ಹುರಾಕಾನ್ ಎನ್ನುವುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಬಿರುಗಾಳಿ, ಚಂಡಮಾರುತ ಎಂದರ್ಥ. ಬಿರುಗಾಳಿ ಎಂಬ ಹೆಸರು ಹೊತ್ತ ಇನ್ನೊಂದು ಸ್ಪೋರ್ಟ್ಸ್ ಕಾರು ಇದೇ ಗೋವಾದ ಮಣ್ಣಿನಲ್ಲಿ, ಕನ್ನಡ ನಾಡಿನ ಒಂದು ಕಂಪನಿಯ ಕೈಯಿಂದ ಹುಟ್ಟಿತ್ತು. ನನ್ನ ಮನಸ್ಸು ಸುತ್ತಿ ಸುತ್ತಿ ಅಲ್ಲಿಗೇ ಹೋಗುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. 2019ರಿಂದ ಬಂದ ಹುರಾಕಾನ್ ಇವೊ ಕಾರಿನ ಎಂಜಿನ್ 5.2 ಲೀಟರಿನದು, 10 ಸಿಲಿಂಡರು, ಶಕ್ತಿ 640 ಅಶ್ವ. ನಿಂತಲ್ಲಿಂದ 100 ಕಿಲೋಮೀಟರ್ ವೇಗ ಮುಟ್ಟಲು 2.9 ಸೆಕೆಂಡು. ಹೊಸ ಟೆಮೆರಾರಿಯೊಗೆ 4 ಲೀಟರಿನ, 8 ಸಿಲಿಂಡರಿನ ಎಂಜಿನ್. ಅದಕ್ಕೆ ಎರಡು ಟರ್ಬೊ. ಜೊತೆಗೆ ಮೂರು ವಿದ್ಯುತ್ ಮೋಟರು. ಎಲ್ಲ ಸೇರಿ 920 ಅಶ್ವಶಕ್ತಿ. 100 ಮುಟ್ಟಲು 2.7 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 343 ಕಿಲೋಮೀಟರ್. ಗೋವಾ ಉತ್ತರದಿಂದ ದಕ್ಷಿಣಕ್ಕೆ ಸುಮಾರು 105 ಕಿಲೋಮೀಟರ್ ಉದ್ದ. ನೇರ ದಾರಿ ಸಿಕ್ಕರೆ ಈ ಕಾರು ಇಡೀ ರಾಜ್ಯವನ್ನು ಹತ್ತೊಂಬತ್ತು ನಿಮಿಷದೊಳಗೆ ದಾಟುತ್ತದೆ.

ಇನ್ನೊಂದು ಅಂಕಿ ಇದೆ, ಅದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ತೂಕ. ಎಣ್ಣೆ, ನೀರು ತುಂಬದೆ ತೂಗಿದರೆ ಹಳೆಯ ಕಾರು 1,422 ಕಿಲೋ, ಹೊಸದು 1,690 ಕಿಲೋ. ವ್ಯತ್ಯಾಸ 268 ಕಿಲೋ. 50 ಕಿಲೋ ಅಕ್ಕಿಯ ಮೂಟೆ ಐದನ್ನು ಕಾರಿಗೆ ಹೇರಿ, ಮೇಲೆ ಇನ್ನೊಂದು ಚಿಕ್ಕ ಚೀಲ ಇಟ್ಟಂತೆ. ಇಷ್ಟು ಹೊತ್ತೂ ಹೊಸದು ಹಳೆಯದಕ್ಕಿಂತ ವೇಗವಾಗಿ ಓಡುತ್ತದೆ. ಅದು ಸಣ್ಣ ಸಾಧನೆಯಲ್ಲ. ಒಂದು ಅಶ್ವಶಕ್ತಿ ಹಳೆಯದರಲ್ಲಿ ಸುಮಾರು 2.2 ಕಿಲೋ ಎಳೆಯುತ್ತಿತ್ತು, ಹೊಸದರಲ್ಲಿ 1.8 ಕಿಲೋ ಎಳೆದರೆ ಸಾಕು. ಆದರೆ ಘಾಟಿಯಲ್ಲಿ ತಿರುವು ಹಿಡಿಯುವಾಗ, ಬ್ರೇಕು ಒತ್ತುವಾಗ ಆ ಐದು ಮೂಟೆ ಎಲ್ಲಿಗೂ ಹೋಗಿರುವುದಿಲ್ಲ, ಕಾರಿನಲ್ಲೇ ಇರುತ್ತವೆ. ಅವನ್ನು ಹೊರುವುದು ಟೈರು.

ಇಷ್ಟು ತೂಕ ಯಾಕೆ ಬಂತು? ಯುರೋಪಿನಲ್ಲಿ ಹೊಗೆಯ ನಿಯಮಗಳು ವರ್ಷವರ್ಷವೂ ಬಿಗಿಯಾಗುತ್ತ ಬಂದವು. ಟರ್ಬೊ ಇಲ್ಲದ, ತನ್ನ ಉಸಿರಿನಿಂದಲೇ ಗಾಳಿ ಎಳೆದುಕೊಳ್ಳುವ 10 ಸಿಲಿಂಡರಿನ ದೊಡ್ಡ ಎಂಜಿನ್ ಆ ನಿಯಮಗಳ ಜೊತೆ ಬಹಳ ದಿನ ಬಾಳುವಂತಿರಲಿಲ್ಲ. ಎಂಜಿನ್ ಚಿಕ್ಕದಾಗಬೇಕು, ಶಕ್ತಿ ಹೆಚ್ಚಬೇಕು ಎಂದಾಗ ಉಳಿದ ದಾರಿ ಟರ್ಬೊ. ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರ ಒಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಉಪಾಯ ಅದು. ಅದಕ್ಕೊಂದು ಹಳೆಯ ಕಾಯಿಲೆ ಇದೆ. ಕಾಲು ಒತ್ತಿದ ಕೂಡಲೇ ಹೊಗೆ ಸಾಲದು, ಚಕ್ರ ವೇಗ ಹಿಡಿಯಲು ಒಂದು ಕ್ಷಣ ಬೇಕು; ಅಲ್ಲಿಯವರೆಗೆ ಪಿಕಪ್ ಸಿಗದು. ಟೆಮೆರಾರಿಯೊದಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕೂರಿಸಿದ ವಿದ್ಯುತ್ ಮೋಟರು ಆ ಕ್ಷಣವನ್ನು ತುಂಬಿಕೊಡುತ್ತದೆ. ಉಳಿದೆರಡು ಮೋಟರು ಮುಂದಿನ ಗಾಲಿಗಳಿಗೆ. ಹುರಾಕಾನಿನಲ್ಲಿ ಹಿಂದಿನಿಂದ ಮುಂದಿನ ಗಾಲಿಗೆ ಶಕ್ತಿ ಒಯ್ಯಲು ಉದ್ದನೆಯ ಒಂದು ದಂಡ ಇತ್ತು. ಹೊಸದರಲ್ಲಿ ಆ ದಂಡವಿಲ್ಲ, ತಂತಿ ಇದೆ. ಎಡಗಾಲಿಗೆ ಎಷ್ಟು, ಬಲಗಾಲಿಗೆ ಎಷ್ಟು ಎಂದು ಮೋಟರುಗಳು ಬೇರೆ ಬೇರೆಯಾಗಿ ಹಂಚುತ್ತವೆ. ಇಂಥ ಕೆಲಸ ನೋಡಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಒಂದು ತೊಂದರೆಯನ್ನು ಬಚ್ಚಿಡದೆ, ಬೇರೆ ಕಡೆಯಿಂದ ಕೈ ಕೊಟ್ಟು ಎತ್ತಿ ನಿಲ್ಲಿಸಿದ್ದಾರೆ.

ಇನ್ನು ದನಿಯ ವಿಷಯ. ಹೊಸ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ. ಹುರಾಕಾನ್ 8,500ಕ್ಕೆ ನಿಲ್ಲುತ್ತಿತ್ತು. ಹೆಚ್ಚು ತಿರುಗುವುದು ಹೆಚ್ಚು ತಾರಕದಲ್ಲಿ ಹಾಡಬೇಕಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಇಂಥ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. 10 ಸಿಲಿಂಡರಿಗೆ ಸುತ್ತಿಗೆ 5 ಸಿಡಿತ. 8,500 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 708 ಸಿಡಿತ. 8 ಸಿಲಿಂಡರಿಗೆ ಸುತ್ತಿಗೆ 4. 10,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 667. ಅಂದರೆ ಅಷ್ಟು ಜೋರಾಗಿ ತಿರುಗಿದರೂ ಹೊಸದು ಹಳೆಯದಕ್ಕಿಂತ ತುಸು ಕೆಳಗಿನ ಸ್ವರದಲ್ಲಿದೆ. ಎಷ್ಟು ಕೆಳಗೆ? ಷಡ್ಜಕ್ಕೂ ಕೋಮಲ ರಿಷಭಕ್ಕೂ ಇರುವಷ್ಟು, ಸರಿಸುಮಾರು ಒಂದು ಸ್ವರಸ್ಥಾನ. ಮೇಲಾಗಿ ಹೊಸದರ ಹೊಗೆ ಟರ್ಬೊದ ಚಕ್ರಗಳನ್ನು ದಾಟಿಕೊಂಡೇ ಹೊರಬರಬೇಕು; ದನಿಯ ಅಂಚು ಅಲ್ಲಿ ಸವೆಯುತ್ತದೆ. ಬೆಳಿಗ್ಗೆ ಮನೆಯಂಗಳದಿಂದ ಹೊರಡುವಾಗ ಹಳೆಯದು ಇಡೀ ಓಣಿಯನ್ನು ಎಬ್ಬಿಸುತ್ತಿತ್ತು, ಹೊಸದು ಬರೀ ಮೋಟರಿನಲ್ಲಿ ಸದ್ದಿಲ್ಲದೆ ಹೊರಟುಬಿಡಬಲ್ಲದು. ಓಣಿಯವರಿಗೆ ಇದು ಒಳ್ಳೆಯದು. ಚೋರ್ಲಾದ ಮಂಜಿನಲ್ಲಿ ನಿಂತ ನನ್ನಂಥವನಿಗೆ ಆ ಎರಡು ನಿಮಿಷ ಮತ್ತೆ ಸಿಗಲಾರದು.

ಗೋವಾ ಮತ್ತು ಧಾರವಾಡದ ಕೇಳುಗರಿಗೆ ಇಂಥ ಹೋಲಿಕೆ ಹೊಸದಲ್ಲ. ಗೋವಾದ ಕುರ್ಡಿ ಊರಿನ ಗಾಯಕಿ ಮೊಗೂಬಾಯಿ ಕುರ್ಡೀಕರರನ್ನು ಕೇಳಿದ್ದ ಹಿರಿಯರು ಅವರ ಮಗಳು ಕಿಶೋರಿ ಅಮೋಣಕರರ ಮುಂದೆ ಕೂತಾಗ, ತಾಯಿಯ ಹಿಡಿತ ಎಲ್ಲಿ ಬಂತು, ಮಗಳು ಎಲ್ಲಿ ಗೆರೆ ದಾಟಿದಳು ಎಂದು ಕಿವಿಗೊಟ್ಟೇ ಕೇಳುತ್ತಿದ್ದರು. ನಮ್ಮ ಮಲ್ಲಿಕಾರ್ಜುನ ಮನ್ಸೂರರದೂ ಅದೇ ಜೈಪುರ-ಅತ್ರೌಲಿ ಘರಾಣೆ. ಕಾರಿಗೂ ಘರಾಣೆ ಇರುತ್ತದೆ. ಹುರಾಕಾನಿಗಿಂತ ಮೊದಲು ಅದೇ ಮನೆಯಲ್ಲಿ ಗಲಾರ್ಡೊ ಇತ್ತು. 2003ರಿಂದ 2013ರವರೆಗೆ 14,022 ಗಾಡಿ ಕಟ್ಟಿದರು. ಗಲಾರ್ಡೊದ ಸ್ವಯಂಚಾಲಿತ ಗೇರಿಗೆ ಇದ್ದದ್ದು ಒಂದೇ ಕ್ಲಚ್ಚು. ಗೇರು ಬದಲಾದಾಗಲೆಲ್ಲ ಕೂತವರ ಕತ್ತು ಮುಂದಕ್ಕೆ ಬಾಗುತ್ತಿತ್ತು. ಹುರಾಕಾನಿಗೆ ಎರಡು ಕ್ಲಚ್ಚು ಬಂದವು, ಜಗ್ಗಾಟ ಹೋಯಿತು. ಅದರ ಜೊತೆಗೇ ಗಲಾರ್ಡೊದಲ್ಲಿ ಬೇಕಾದವರಿಗೆ ಸಿಗುತ್ತಿದ್ದ ಕೈಗೇರೂ ಹೋಯಿತು. ಟೆಮೆರಾರಿಯೊದಲ್ಲಿ ಗೇರು ಏಳರಿಂದ ಎಂಟಾಗಿದೆ, ಹತ್ತು ಸಿಲಿಂಡರಿನ ಕಂಠ ಹೋಗಿದೆ. ಒಂದೊಂದು ತಲೆಮಾರಿನಲ್ಲೂ ಹೀಗೆ ಏನೋ ಕೂಡುತ್ತದೆ, ಏನೋ ಕಳೆಯುತ್ತದೆ.

ನನ್ನ ತೀರ್ಮಾನ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಯಂತ್ರವಾಗಿ ಹೊಸದೇ ಮೇಲು, ದನಿಗೆ ಹಳೆಯದೇ ಮೇಲು. 2.9 ಸೆಕೆಂಡು 2.7 ಆದದ್ದನ್ನು ರೆಪ್ಪೆ ಬಡಿಯುವಷ್ಟರಲ್ಲಿ ಕಳೆದುಕೊಳ್ಳುತ್ತೇವೆ. ದನಿ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಆ ಇನ್ನೊಂದು ಬಿರುಗಾಳಿಗೆ ಬರುತ್ತೇನೆ.

ಮಡಗಾಂವಿನಿಂದ ಪಣಜಿಗೆ ಬರುವ ಹೆದ್ದಾರಿಯಲ್ಲಿ ವೆರ್ಣಾ ಸಿಗುತ್ತದೆ. ಮೇಲೆ ಬಯಲಿನಂತೆ ಹರಡಿದ ಜಂಬಿಟ್ಟಿಗೆಯ ಗುಡ್ಡ, ಅದರ ಮೇಲೆ ಕೈಗಾರಿಕಾ ವಸಾಹತು. ಗದಗ, ಬಾಗಲಕೋಟೆ, ಕಾರವಾರದ ಕಡೆಯ ಎಷ್ಟೋ ಜನ ಅಲ್ಲಿಗೆ ಪಾಳಿಗೆ ಹೋಗುತ್ತಾರೆ. ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳದ ಸಂಜೆ ಇಲ್ಲ. ಈ ವೆರ್ಣಾದಲ್ಲಿ 1990ರ ದಶಕದ ಕೊನೆಯಲ್ಲಿ ಒಂದು ಸ್ಪೋರ್ಟ್ಸ್ ಕಾರು ತಯಾರಾಯಿತು. ಹೆಸರು ಸ್ಯಾನ್ ಸ್ಟಾರ್ಮ್. ಕಟ್ಟಿದ್ದು ಬೆಂಗಳೂರಿನ ಸ್ಯಾನ್ ಸಮೂಹ, ವೈಟ್‌ಫೀಲ್ಡಿನಲ್ಲಿ ರೈಲಿನ ಡೀಸೆಲ್ ಎಂಜಿನ್ ಕಟ್ಟುತ್ತಿದ್ದ ಮನೆತನ. ವಿನ್ಯಾಸ ಫ್ರಾನ್ಸಿನದು. ಇಬ್ಬರಿಗೆ ಮಾತ್ರ ಜಾಗ, ಮಡಚುವ ಬಟ್ಟೆಯ ಛಾವಣಿ, ಮೈ ಪೂರ್ತಿ ಫೈಬರ್ ಗ್ಲಾಸ್. ಎಂಜಿನ್ ರೆನೋ ಕಂಪನಿಯ 1,149 ಸಿಸಿಯದು, ಶಕ್ತಿ 60 ಅಶ್ವ. ಫ್ರಾನ್ಸಿನ ಬೀದಿಗಳಲ್ಲಿ ಟ್ವಿಂಗೊ ಎಂಬ ಚಿಕ್ಕ ಕಾರನ್ನು ಓಡಿಸುತ್ತಿದ್ದ ಅದೇ ಎಂಜಿನ್.

920ರ ಮುಂದೆ 60 ಎಷ್ಟರದು ಎಂದು ಕೇಳಬಹುದು. ನಾನು ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ, ಅದಕ್ಕೇ ಹೇಳುತ್ತೇನೆ. ಮಡಗಾಂವಿನಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯ ಹಿಂದೆ ತೆಂಗಿನ ಮರಗಳ ನಡುವಿನ ಹೆಂಚಿನ ಮಾಡಿನಲ್ಲಿ ಒಂದು ಕೆಂಪು ಸ್ಟಾರ್ಮ್ ಇದೆ. ಒಂದು ಡಿಸೆಂಬರಿನ ಬೆಳಿಗ್ಗೆ ಛಾವಣಿ ಮಡಚಿ ಬೇತುಲ್ ಕಡೆಗೆ ಹೊರಟೆವು. ಸಾಲ್ ನದಿಯ ದಡ ಬಿಟ್ಟು ರಸ್ತೆ ಗುಡ್ಡ ಹತ್ತಲು ಶುರುಮಾಡಿದಾಗ ಮೇಷ್ಟ್ರು ಮೂರನೆಯ ಗೇರಿನಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಿದರು. ಇದ್ದ 60 ಅಶ್ವಗಳೂ ಒಂದೂ ಬಿಡದೆ ಓಡಿದವು. ವೇಗ 70ರ ಆಸುಪಾಸು, ಅಷ್ಟೇ. ಆದರೆ ಕೂತ ಜಾಗ ನೆಲಕ್ಕೆ ಅಷ್ಟು ಹತ್ತಿರ, ತಲೆಯ ಮೇಲೆ ಆಕಾಶ, ಗೇರುಮರಗಳ ನೆರಳು ಮೈಮೇಲೆ ಪಟಪಟನೆ ಹಾಯುತ್ತಿತ್ತು. ಬ್ರೇಕು ಹಿಡಿದಾಗ ಟೈರು ಕಲ್ಲುಪುಡಿಯ ಮೇಲೆ ಕುಂಯ್ಗುಟ್ಟಿದ್ದು, ಯಾರದೋ ಅಂಗಳದಲ್ಲಿ ಒಣಹಾಕಿದ್ದ ಮೀನಿನ ವಾಸನೆ, ಎರಡೂ ಒಟ್ಟಿಗೇ ಬಂದವು. ಆ ರಸ್ತೆಯಲ್ಲಿ ಟೆಮೆರಾರಿಯೊ ತನ್ನ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನೂ ತೋರಿಸಲಾರದು. ಸ್ಟಾರ್ಮ್ ತನ್ನದೆಲ್ಲವನ್ನೂ ಕೊಟ್ಟಿತು. ಓಡುವ ದಾರಿಗೆ ತಕ್ಕ ಅಳತೆಯ ಕಾರು ಎಂದರೆ ಅದು.

ಈಗ ಒಂದು ವಿಷಯ ನೋಡಿ. ಲ್ಯಾಂಬೊರ್ಗಿನಿ ಹುಟ್ಟಿದ್ದು ಹೇಗೆ? ಫೆರುಚ್ಚೊ ಲ್ಯಾಂಬೊರ್ಗಿನಿ ಇಟಲಿಯಲ್ಲಿ ಹೊಲ ಉಳುವ ಟ್ರ್ಯಾಕ್ಟರ್ ಕಟ್ಟುತ್ತಿದ್ದವರು. 1963ರಲ್ಲಿ ಸಂತ್ ಅಗಾತಾ ಬೊಲೊನ್ಯೇಸೆ ಎಂಬ ಊರಿನಲ್ಲಿ ಕಾರಿನ ಕಾರ್ಖಾನೆ ಹಾಕಿದರು. ಅಲ್ಲಿ ಟ್ರ್ಯಾಕ್ಟರ್, ಇಲ್ಲಿ ರೈಲಿನ ಎಂಜಿನ್. ಎರಡೂ ಕಡೆ ಭಾರ ಎಳೆಯುವ ಯಂತ್ರ ಬಲ್ಲವರು ಹಗುರವಾಗಿ ಓಡುವ ಯಂತ್ರದ ಆಸೆಗೆ ಬಿದ್ದರು. ಲ್ಯಾಂಬೊರ್ಗಿನಿಯ ದಾರಿಯೂ ಹೂವಿನದಾಗಿರಲಿಲ್ಲ. 1978ರಲ್ಲಿ ಆ ಕಂಪನಿ ದಿವಾಳಿಯಾಯಿತು. ಆಮೇಲೆ ಕೈಯಿಂದ ಕೈಗೆ ಹೋಯಿತು: ಮಿಮ್ರಾನ್ ಸಹೋದರರು, ಅಮೆರಿಕದ ಕ್ರೈಸ್ಲರ್, ಇಂಡೊನೇಷ್ಯಾದ ಹೂಡಿಕೆದಾರರು. ಕೊನೆಗೆ 1998ರಲ್ಲಿ ಜರ್ಮನಿಯ ಆಡಿ ಕೊಂಡುಕೊಂಡಿತು. ಹೆಚ್ಚುಕಡಿಮೆ ವೆರ್ಣಾದಲ್ಲಿ ಸ್ಟಾರ್ಮ್ ಕಣ್ಣು ಬಿಟ್ಟ ಕಾಲ ಅದು. ಆಡಿಯ ಹಣ, ತಾಳ್ಮೆ, ಬಿಡಿಭಾಗ ಎಲ್ಲ ಬೆನ್ನಿಗೆ ನಿಂತ ಮೇಲೆ ಐದು ವರ್ಷಕ್ಕೆ ಗಲಾರ್ಡೊ ಬಂತು. ಅದರಿಂದ ಹುರಾಕಾನ್, ಅದರಿಂದ ಟೆಮೆರಾರಿಯೊ.

ಸ್ಯಾನ್ ಸ್ಟಾರ್ಮ್ ಕೆಲವು ವರ್ಷ, ಸ್ವಲ್ಪವೇ ಸಂಖ್ಯೆಯಲ್ಲಿ ತಯಾರಾಯಿತು. ಆಗಿನ ಭಾರತದಲ್ಲಿ ಕಾರು ಕೊಳ್ಳುವ ಮನೆಗೆ ಮೊದಲು ಬೇಕಾಗಿದ್ದದ್ದು ಐದು ಸೀಟು. ಇಬ್ಬರೇ ಕೂರುವ, ಬಟ್ಟೆಯ ಛಾವಣಿಯ ಕಾರಿಗೆ ಹಣ ಕೊಡುವವರು ಬಹಳ ಕಡಿಮೆ. ಹೊಸ ತಲೆಮಾರಿನ ಸ್ಟಾರ್ಮ್ ಬರಲೇ ಇಲ್ಲ. ಈ ಹೊತ್ತು ನಾನು ಹುರಾಕಾನ್ ಮೇಲೋ ಟೆಮೆರಾರಿಯೊ ಮೇಲೋ ಎಂದು ಇಷ್ಟೆಲ್ಲ ವಾದ ಮಾಡಬಲ್ಲೆನಲ್ಲ, ಅದು ಎರಡನೆಯದನ್ನು, ಮೂರನೆಯದನ್ನು ಕಟ್ಟುವ ಅವಕಾಶ ಸಿಕ್ಕವರ ಭಾಗ್ಯ. ಮೊದಲ ಕಾರು ಯಾವ ಕಾರ್ಖಾನೆಗೂ ಪಾಠಶಾಲೆ. ಎಲ್ಲಿ ತೂಕ ಇಳಿಸಬಹುದಿತ್ತು, ಎಲ್ಲಿ ಗಟ್ಟಿ ಮಾಡಬೇಕಿತ್ತು ಎಂಬುದು ಅದನ್ನು ಮಾರಿ, ಜನ ಓಡಿಸಿ, ಬೈದು, ಹೊಗಳಿದ ಮೇಲೆ ಗೊತ್ತಾಗುತ್ತದೆ. ಆ ಅರಿವು ಎರಡನೆಯ ಕಾರಿಗೆ ಇಳಿಯಬೇಕು. ಸ್ಟಾರ್ಮಿನಲ್ಲಿದ್ದ ಅದೇ 1,149 ಸಿಸಿ ಎಂಜಿನ್ನಿಗೆ ರೆನೋ ಆಮೇಲೆ 16 ವಾಲ್ವಿನ ತಲೆ ಕೂರಿಸಿ 75 ಅಶ್ವಶಕ್ತಿ ತೆಗೆಯಿತು. ಅದನ್ನು ಓದಿದ ದಿನ ನನಗೆ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಎರಡನೆಯ ಸ್ಟಾರ್ಮಿಗೆ ಬೇಕಾಗಿದ್ದ ಎಂಜಿನ್ ಅಲ್ಲೇ ಇತ್ತು. 15 ಅಶ್ವ ಎಂದರೆ ಟೆಮೆರಾರಿಯೊಗೆ ಲೆಕ್ಕಕ್ಕಿಲ್ಲ. ಆ ಹಗುರ ಮೈಯ ಪುಟ್ಟ ಕಾರಿಗೆ ಇದ್ದ ಶಕ್ತಿಯ ಕಾಲುಭಾಗ ಹೆಚ್ಚಿದಂತೆ.

ಕಳೆದ ತಿಂಗಳು ಮತ್ತೆ ಮಡಗಾಂವಿಗೆ ಹೋಗಿದ್ದೆ. ಪೇಟೆಯಲ್ಲಿ ಯಾರದೋ ಸ್ಕೂಟರು ತಾಗಿ ಮೇಷ್ಟ್ರ ಕಾರಿನ ಎಡಬಾಗಿಲಿನ ಕೆಳಗೆ ಅಂಗೈಯಗಲ ಒಡೆದಿತ್ತು. ತಗಡಾದರೆ ತಗ್ಗು ಬೀಳುತ್ತದೆ, ಫೈಬರ್ ಗ್ಲಾಸ್ ಹಾಗಲ್ಲ. ನಕ್ಷತ್ರದ ಹಾಗೆ ಬಿರುಕು ಬಿಟ್ಟು ನಡುವಿನ ಚೂರು ಉದುರುತ್ತದೆ. ಒಳಗಿನ ಎಳೆಗಳು ಕತ್ತದ ನಾರಿನಂತೆ ಹೊರಚಾಚಿದ್ದವು. ಗ್ಯಾರೇಜಿನವರು ಯಾರೂ ಮುಟ್ಟಲು ಒಪ್ಪಲಿಲ್ಲವಂತೆ. ಕೊನೆಗೆ ಬಂದವರು ಬೇತುಲಿನಲ್ಲಿ ಮೀನುದೋಣಿ ರಿಪೇರಿ ಮಾಡುವ ಕಾರವಾರದ ಕಡೆಯ ಒಬ್ಬ ಹಿರಿಯರು. ಈಗಿನ ದೋಣಿಗಳೂ ಫೈಬರಿನವೇ ಅಲ್ಲವೇ. ಅವರು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಿರುಕಿನ ಸುತ್ತ ಬೆರಳ ಗಿಣ್ಣಿನಿಂದ ಟಕ್ ಟಕ್ ಬಡಿದು, ದನಿ ಎಲ್ಲಿ ಪೊಳ್ಳಾಗುತ್ತದೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅಂಚನ್ನು ಇಳಿಜಾರಾಗಿ ಉಜ್ಜಿದರು. ಗಾಜಿನ ಎಳೆಯ ಹಾಸನ್ನು ಕತ್ತರಿಯಲ್ಲಿ ಕತ್ತರಿಸಿ, ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ಪದರ ಇಟ್ಟು, ಪ್ರತಿ ಪದರಕ್ಕೂ ರಾಳ ಹಚ್ಚಿ, ಕುಂಚದ ತುದಿಯಿಂದ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಹೊರಡಿಸಿದರು. ಮೂಗಿಗೆ ರಾಳದ ಘಾಟು. ಬಿಳಿಯ ಹಾಸು ರಾಳ ಕುಡಿದಂತೆಲ್ಲ ನೀರಿನ ಹಾಗೆ ತಿಳಿಯಾಗುತ್ತ ಹೋಯಿತು.

ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಚಲೋ ಕೆಲಸದ ಮೈ ಇದು, ಒಳಗೆ ಪದರ ಎಲ್ಲೂ ಬಿಟ್ಟಿಲ್ಲ," ಎಂದರು. ಇದು ಇಲ್ಲೇ ವೆರ್ಣಾದಲ್ಲಿ ಆದ ಕಾರು ಎಂದು ಮೇಷ್ಟ್ರು ಹೇಳಿದಾಗ ಅವರು ಎದ್ದು ಕಾರನ್ನು ಒಂದು ಸುತ್ತು ಹಾಕಿ ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ಇದರ ಹೊಸದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ. ಚಹಾ ತರುತ್ತೇನೆಂದು ಒಳಗೆ ಹೋದರು.

ರಾಳ ಗಟ್ಟಿಯಾಗಲು ಒಂದು ದಿನ, ಉಜ್ಜಿ ಬಣ್ಣ ಬಳಿಯಲು ಇನ್ನೆರಡು ದಿನ ಹಿಡಿಯಿತು. ಮುಂದಿನ ಭಾನುವಾರ ಬೇತುಲ್ ದಾಟಿ ಕಾಬೊ ದ ರಾಮ ಕೋಟೆಯವರೆಗೆ ಹೋಗೋಣ ಎಂದು ಮೇಷ್ಟ್ರು ನಿನ್ನೆ ಫೋನು ಮಾಡಿದ್ದರು. ಮಳೆ ಹಿಡಿಯದಿದ್ದರೆ ಛಾವಣಿ ಮಡಚಿಯೇ ಹೊರಡುತ್ತೇವೆ.